ಫ್ಲಶ್ ಟ್ಯಾಂಕ್ ನೀರು ನಿಲ್ಲುತ್ತಿಲ್ಲ: ವಾಷರ್ ಸಾಕೋ, ವಾಲ್ವ್ ಬೇಕೋ, ಟ್ಯಾಂಕನ್ನೇ ಬದಲಿಸಬೇಕೋ?

ಫ್ಲಶ್ ಮಾಡಿ ಅರ್ಧ ಗಂಟೆ ಕಳೆದರೂ ಕಮೋಡಿನ ಹಿಂಬದಿಯ ಗೋಡೆಯಲ್ಲಿ ನೀರಿನ ಸಣ್ಣ ಗೆರೆ ಇಳಿಯುತ್ತಲೇ ಇದೆ. ಅಥವಾ ಯಾರೂ ಮುಟ್ಟದಿದ್ದರೂ ನಡುರಾತ್ರಿ ಟ್ಯಾಂಕ್ ತನ್ನಷ್ಟಕ್ಕೆ ತಾನೇ ತುಂಬಿಕೊಳ್ಳುವ ಸದ್ದು ಕೇಳುತ್ತದೆ. ಇಂಥ ಟ್ಯಾಂಕಿಗೆ ಐದು ದಾರಿಗಳಿವೆ. ಒಳಗೆ ತೊಳೆದು ಮಟ್ಟ ಸರಿಮಾಡುವುದು, ತಳದ ರಬ್ಬರ್ ವಾಷರ್ ಮಾತ್ರ ಬದಲಿಸುವುದು, ನೀರು ತುಂಬಿಸುವ ವಾಲ್ವ್ ಬದಲಿಸುವುದು, ಒಳಗಿನ ಇಡೀ ಸೆಟ್ ಹೊಸದು ಹಾಕುವುದು, ಇಲ್ಲವೇ ಟ್ಯಾಂಕನ್ನೇ ಇಳಿಸಿ ಬೇರೆಯದನ್ನು ಕೂರಿಸುವುದು. ಅಂಗಡಿಗೆ ಹೋಗಿ ‘ನೀರು ನಿಲ್ಲುತ್ತಿಲ್ಲ’ ಎಂದಷ್ಟೇ ಹೇಳಿದರೆ ಇಡೀ ಸೆಟ್ ಕೈಗೆ ಬರುವುದೇ ಹೆಚ್ಚು. ಬಹಳ ಸಲ ಅಷ್ಟೆಲ್ಲ ಬೇಕಿರುವುದಿಲ್ಲ. ಕೆಲವು ಸಲ ಮಾತ್ರ ಅದೇ ಸರಿಯಾದ ದಾರಿ.

ಯಾವುದನ್ನು ನೋಡಿ ಆರಿಸಬೇಕು

ಎಲ್ಲಕ್ಕಿಂತ ಮೊದಲು, ನೀರು ಎಲ್ಲಿಂದ ತಪ್ಪಿಸಿಕೊಳ್ಳುತ್ತಿದೆ ಎಂಬುದು. ಟ್ಯಾಂಕಿನೊಳಗೆ ಎರಡು ವಾಲ್ವ್‌ಗಳಿರುತ್ತವೆ. ಒಂದು ನೀರು ತುಂಬಿಸುವ ವಾಲ್ವ್. ನೀರಿನ ಮೇಲೆ ತೇಲುವ ಫ್ಲೋಟ್ ಮೇಲೇರಿದಾಗ ಇದು ಮುಚ್ಚಿಕೊಳ್ಳಬೇಕು. ಇನ್ನೊಂದು ತಳದಲ್ಲಿರುವ ಫ್ಲಶ್ ವಾಲ್ವ್. ಗುಂಡಿ ಒತ್ತಿದಾಗ ತೆರೆದು, ಆಮೇಲೆ ತನ್ನ ರಬ್ಬರಿನ ಮೇಲೆ ಕೂತು ಮುಚ್ಚಿಕೊಳ್ಳಬೇಕು. ಮೊದಲನೆಯದು ಕೆಟ್ಟರೆ ಹೆಚ್ಚಾದ ನೀರು, ಟ್ಯಾಂಕಿನೊಳಗೆ ನೆಟ್ಟಗೆ ನಿಂತಿರುವ ಓವರ್‌ಫ್ಲೋ ಕೊಳವೆಯ ಬಾಯಿಂದ ಕಮೋಡಿಗೆ ಹೋಗುತ್ತದೆ, ಎರಡನೆಯದು ಕೆಟ್ಟರೆ ತಳದಿಂದ. ಕಮೋಡಿನಲ್ಲಿ ಕಾಣುವ ಗೆರೆ ಎರಡರಲ್ಲೂ ಒಂದೇ ಥರ. ಅದಕ್ಕೇ ತಳದ ರಬ್ಬರ್ ಸೋರುತ್ತಿದ್ದರೂ ತುಂಬಿಸುವ ವಾಲ್ವ್ ಬದಲಿಸಿ, ‘ಹೊಸದು ಹಾಕಿದರೂ ಸರಿಹೋಗಲಿಲ್ಲ’ ಎಂದು ಗೊಣಗುವವರು ಬಹಳ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಕತೆ.

ಆಮೇಲೆ ನೋಡಬೇಕಾದದ್ದು ಒಳಗಿನ ಪ್ಲಾಸ್ಟಿಕ್‌ನ ವಯಸ್ಸು, ಅದೇ ಮಾದರಿಯ ಬಿಡಿಭಾಗ ಸಿಗುತ್ತದೆಯೇ ಎಂಬುದು, ನೀರಿನ ಒತ್ತಡ ಮತ್ತು ಗಡಸುತನ, ಟ್ಯಾಂಕ್ ಎಷ್ಟು ಸುಲಭವಾಗಿ ಬಿಚ್ಚಲು ಬರುತ್ತದೆ ಎಂಬುದು. ಆ ಮನೆಯಲ್ಲಿ ಇನ್ನೂ ಎಷ್ಟು ಕಾಲ ಇರುತ್ತೀರಿ ಎಂಬುದೂ ಲೆಕ್ಕಕ್ಕೆ ಬರುತ್ತದೆ.

ಮೊದಲು ಪರೀಕ್ಷೆ, ಆಮೇಲೆ ಅಂಗಡಿ

ಮುಚ್ಚಳ ತೆಗೆದು ನೋಡಿ. ನೀರು ಓವರ್‌ಫ್ಲೋ ಕೊಳವೆಯ ಅಂಚು ದಾಟಿ ಒಳಗೆ ಸುರಿಯುತ್ತಿದ್ದರೆ ತುಂಬಿಸುವ ವಾಲ್ವ್ ಕಡೆಯ ತೊಂದರೆ. ಮಟ್ಟ ಕೊಳವೆಯ ಬಾಯಿಗಿಂತ ಎರಡು ಮೂರು ಸೆಂ.ಮೀ. ಕೆಳಗಿದ್ದೂ ಕಮೋಡಿಗೆ ನೀರು ಇಳಿಯುತ್ತಿದ್ದರೆ ತಳದ ತೊಂದರೆ. ಎರಡು ಗುಂಡಿಗಳ ಟ್ಯಾಂಕಿನಲ್ಲಿ ಓವರ್‌ಫ್ಲೋ ಕೊಳವೆ ನಡುವಿನ ಕಂಬದೊಳಗೇ ಅಡಗಿರುವುದರಿಂದ ಕಣ್ಣಿಗೆ ಸರಿಯಾಗಿ ಕಾಣುವುದಿಲ್ಲ. ಅಲ್ಲಿ ಪೆನ್ಸಿಲ್ ಪರೀಕ್ಷೆಯೇ ಗತಿ.

ಟ್ಯಾಂಕ್ ತುಂಬಿದ ಮೇಲೆ ಅದಕ್ಕೆ ನೀರು ಬಿಡುವ ಗೋಡೆಯ ಸಣ್ಣ ನಲ್ಲಿ, ಅಂದರೆ ಆ್ಯಂಗಲ್ ಕಾಕ್, ಪೂರ್ತಿ ಮುಚ್ಚಿ. ಒಳಗೋಡೆಯಲ್ಲಿ ನೀರಿನ ಮಟ್ಟಕ್ಕೆ ಸರಿಯಾಗಿ ಪೆನ್ಸಿಲ್ ಗೆರೆ ಎಳೆದು ಅರ್ಧ ಗಂಟೆ ಬಿಡಿ, ಯಾರೂ ಫ್ಲಶ್ ಮಾಡಬಾರದು. ಮಟ್ಟ ಗೆರೆಯಿಂದ ಕೆಳಗಿಳಿದಿದ್ದರೆ ತಳ ಸೋರುತ್ತಿದೆ. ಗೆರೆಯಲ್ಲೇ ನಿಂತಿದ್ದು, ಕಾಕ್ ತೆರೆದ ಕೂಡಲೇ ಮತ್ತೆ ಹರಿಯಲು ಶುರುವಾದರೆ ತುಂಬಿಸುವ ವಾಲ್ವ್ ಮುಚ್ಚಿಕೊಳ್ಳುತ್ತಿಲ್ಲ. ಮಟ್ಟ ಒಂದಷ್ಟು ಇಳಿದು ನಡುವೆ ಎಲ್ಲೋ ನಿಂತುಬಿಟ್ಟರೆ, ಆ ಎತ್ತರದಲ್ಲಿ ಓವರ್‌ಫ್ಲೋ ಕೊಳವೆ ಬಿರುಕು ಬಿಟ್ಟಿರುವ ಸಾಧ್ಯತೆ ಹೆಚ್ಚು. ಆಗ ವಾಷರ್ ಬದಲಿಸಿ ಪ್ರಯೋಜನವಿಲ್ಲ. ಅಡುಗೆಯ ಬಣ್ಣ ನಾಲ್ಕು ಹನಿ ಹಾಕಿ ನೋಡುವವರು ಕೂಡ ಮೊದಲು ಕಾಕ್ ಮುಚ್ಚಬೇಕು. ಇಲ್ಲದಿದ್ದರೆ ಓವರ್‌ಫ್ಲೋ ಮೂಲಕವೂ ಬಣ್ಣ ಕಮೋಡಿಗೆ ಬಂದು ದಾರಿ ತಪ್ಪಿಸುತ್ತದೆ.

ಇದೇ ಗೆರೆಯಿಂದ ಎಷ್ಟು ನೀರು ಪೋಲಾಗುತ್ತಿದೆ ಎಂಬುದನ್ನೂ ಲೆಕ್ಕ ಹಾಕಬಹುದು. ಟ್ಯಾಂಕಿನ ಒಳ ಅಳತೆ 40 ಸೆಂ.ಮೀ. ಉದ್ದ, 15 ಸೆಂ.ಮೀ. ಅಗಲ ಎಂದುಕೊಳ್ಳಿ. ಮಟ್ಟ ಒಂದು ಸೆಂ.ಮೀ. ಇಳಿದರೆ 600 ಮಿ.ಲೀ. ನೀರು ಹೋಯಿತು. ಅದು 10 ನಿಮಿಷದಲ್ಲಿ ಇಳಿದಿದ್ದರೆ ಗಂಟೆಗೆ 3.6 ಲೀಟರ್, ದಿನಕ್ಕೆ 86 ಲೀಟರಿಗೂ ಹೆಚ್ಚು. ಕಣ್ಣಿಗೆ ಕಾಣುವ ಗೆರೆ ನೂಲಿನಷ್ಟು ಸಣ್ಣದಿದ್ದರೂ ಲೆಕ್ಕ ಸಣ್ಣದಲ್ಲ. ‘ಮುಂದಿನ ತಿಂಗಳು ನೋಡೋಣ’ ಎನ್ನುವ ಮೊದಲು ಈ ಅಂಕಿ ಕೈಯಲ್ಲಿರಲಿ.

ತೊಂದರೆ ತುಂಬಿಸುವ ವಾಲ್ವ್ ಕಡೆಯದು ಎಂದಾದರೆ ಇನ್ನೊಂದು ಸಣ್ಣ ಪರೀಕ್ಷೆ. ನೀರು ಸುರಿಯುತ್ತಿರುವಾಗಲೇ ಫ್ಲೋಟನ್ನು ಕೈಯಿಂದ ಮೆಲ್ಲಗೆ ಮೇಲಕ್ಕೆತ್ತಿ. ತಕ್ಷಣ ನಿಂತರೆ ವಾಲ್ವ್ ಗಟ್ಟಿಯಾಗಿಯೇ ಇದೆ, ಫ್ಲೋಟಿನ ಎತ್ತರ ಇಳಿಸಿದರೆ ಸಾಕು. ಪೂರ್ತಿ ಎತ್ತಿ ಹಿಡಿದರೂ ‘ಸುಸ್’ ಎಂದು ನೀರು ಬರುತ್ತಲೇ ಇದ್ದರೆ ಒಳಗಿನ ವಾಷರ್ ಸವೆದಿದೆ ಅಥವಾ ಅಲ್ಲಿ ಮರಳಿನ ಕಣ ಸಿಕ್ಕಿಕೊಂಡಿದೆ. ಹಗಲು ಸರಿಯಿದ್ದು ರಾತ್ರಿ ಮಾತ್ರ ಓವರ್‌ಫ್ಲೋ ಆಗುವ ಟ್ಯಾಂಕಿನದೂ ಇದೇ ಕತೆ. ಸುತ್ತಲಿನ ಬಳಕೆ ಕಡಿಮೆಯಾದಾಗ ಲೈನಿನಲ್ಲಿ ಒತ್ತಡ ಏರುತ್ತದೆ, ಸವೆದ ವಾಷರ್ ಆ ಒತ್ತಡವನ್ನು ತಡೆಯಲಾರದು.

ತೊಳೆದು, ಮಟ್ಟ ಸರಿಮಾಡಿ ಬಿಡುವುದು

ಇದಕ್ಕೆ ಖರ್ಚಿಲ್ಲ. ಸೆಟ್ ಹೊಸದಾಗಿದ್ದು ತೊಂದರೆ ಇತ್ತೀಚೆಗೆ ಶುರುವಾಗಿದ್ದರೆ, ಅದರಲ್ಲೂ ಪೈಪ್ ಕೆಲಸ ನಡೆದ ಮೇಲೆ ಅಥವಾ ಛಾವಣಿಯ ಮೇಲಿನ ನೀರಿನ ಟ್ಯಾಂಕ್ ತೊಳೆದ ಮೇಲೆ ಶುರುವಾಗಿದ್ದರೆ, ಬೇರೆ ಯೋಚನೆಗೆ ಮೊದಲು ಇದನ್ನೇ ಮಾಡಿ.

ಕಾಕ್ ಮುಚ್ಚಿ ಫ್ಲಶ್ ಮಾಡಿ ಟ್ಯಾಂಕ್ ಖಾಲಿ ಮಾಡಿ. ತಳದ ರಬ್ಬರ್ ಎತ್ತಿ, ಅದು ಕೂರುವ ಉಂಗುರದ ಸುತ್ತ ಬೆರಳು ಆಡಿಸಿ. ಸುಣ್ಣದ ಪದರವಿದ್ದರೆ ಒರಟಾಗಿ ಸಿಗುತ್ತದೆ. ವಿನಿಗರ್‌ನಲ್ಲಿ ಅದ್ದಿದ ಬಟ್ಟೆಯನ್ನು ಒಂದು ಗಂಟೆ ಸುತ್ತಿಟ್ಟು, ಪಾತ್ರೆ ಉಜ್ಜುವ ನಾರಿನಿಂದ ಹಗುರವಾಗಿ ಉಜ್ಜಿ. ಚಾಕು, ಸ್ಕ್ರೂಡ್ರೈವರ್ ಹಾಕಿ ಕೆರೆಯಬೇಡಿ. ಪ್ಲಾಸ್ಟಿಕ್ ಉಂಗುರದ ಮೇಲೆ ಬಿದ್ದ ಒಂದು ಗೀರೂ ಸೋರಿಕೆಗೆ ಹೊಸ ದಾರಿ. ಬಾತ್‌ರೂಮ್ ತೊಳೆಯುವ ಆ್ಯಸಿಡ್ ಕೂಡ ಟ್ಯಾಂಕಿನೊಳಗೆ ಬೇಡ, ಲೋಹದ ಬೋಲ್ಟ್ ಮತ್ತು ರಬ್ಬರ್ ಎರಡನ್ನೂ ತಿನ್ನುತ್ತದೆ.

ತಳದಲ್ಲಿ ಫ್ಲಾಪರ್, ಅಂದರೆ ಸರಪಳಿಯಿಂದ ಎತ್ತುವ ರಬ್ಬರ್ ಮುಚ್ಚಳ, ಇದ್ದರೆ ಅದರ ಸರಪಳಿ ನೋಡಿ. ಸುಮಾರು ಒಂದು ಸೆಂ.ಮೀ. ಸಡಿಲವಿರಬೇಕು. ಬಿಗಿಯಾಗಿದ್ದರೆ ಫ್ಲಾಪರ್ ಪೂರ್ತಿ ಕೂರುವುದಿಲ್ಲ, ತೀರಾ ಉದ್ದವಾಗಿದ್ದರೆ ಸರಪಳಿಯೇ ರಬ್ಬರಿನಡಿ ಸಿಕ್ಕಿಕೊಳ್ಳುತ್ತದೆ. ಎರಡು ಗುಂಡಿಗಳ ಟ್ಯಾಂಕಿನಲ್ಲಿ ಇದಕ್ಕೆ ಸಮನಾದ ತೊಂದರೆ ಗುಂಡಿಯ ಕಡ್ಡಿಗಳದು. ಅವು ಉದ್ದವಾಗಿದ್ದರೆ ಮುಚ್ಚಳ ಹಾಕಿದೊಡನೆ ವಾಲ್ವನ್ನು ಚೂರೇ ಚೂರು ಒತ್ತಿ ಹಿಡಿಯುತ್ತವೆ. ಮುಚ್ಚಳ ತೆಗೆದಾಗ ಸೋರಿಕೆ ನಿಂತು, ಹಾಕಿದಾಗ ಶುರುವಾದರೆ ಏನನ್ನೂ ಕೊಳ್ಳಬೇಕಿಲ್ಲ. ಕಡ್ಡಿಯನ್ನು ಎರಡು ಸುತ್ತು ತಿರುಗಿಸಿ ಗಿಡ್ಡ ಮಾಡಿ.

ನೀರಿನ ಮಟ್ಟ ಓವರ್‌ಫ್ಲೋ ಬಾಯಿಗಿಂತ ಸುಮಾರು 2.5 ಸೆಂ.ಮೀ. ಕೆಳಗಿರಲಿ. ವಾಲ್ವಿನ ಕಂಬದ ಮೇಲೇ ಏರಿಳಿಯುವ ಕಪ್ ಫ್ಲೋಟಿನಲ್ಲಿ ಪಕ್ಕದ ಕ್ಲಿಪ್ ಒತ್ತಿಯೋ ಉದ್ದನೆಯ ಸ್ಕ್ರೂ ತಿರುಗಿಸಿಯೋ ಇಳಿಸಬಹುದು. ಹಿತ್ತಾಳೆ ಕಡ್ಡಿಯ ಚೆಂಡಾದರೆ ಕಡ್ಡಿಯನ್ನು ಎರಡೂ ಕೈಯಲ್ಲಿ ಹಿಡಿದು ಕೆಳಕ್ಕೆ ಚೂರು ಬಗ್ಗಿಸಿ. ಪ್ಲಾಸ್ಟಿಕ್ ಕಡ್ಡಿಯನ್ನು ಬಗ್ಗಿಸಲು ಹೋದರೆ ಮುರಿಯುತ್ತದೆ, ಅದಕ್ಕೆ ಬುಡದಲ್ಲಿ ಸ್ಕ್ರೂ ಇರುತ್ತದೆ. ಚೆಂಡನ್ನು ಬಿಚ್ಚಿ ಕಿವಿಯ ಹತ್ತಿರ ಅಲ್ಲಾಡಿಸಿ. ಒಳಗೆ ನೀರು ಕುಲುಕಿದರೆ ಅದು ತೂತಾಗಿದೆ, ಚೆಂಡು ಮಾತ್ರ ಬದಲಿಸಿ. ಓವರ್‌ಫ್ಲೋ ಕೊಳವೆಯೊಳಗೆ ಇಳಿಬಿಟ್ಟಿರುವ ಸಣ್ಣ ಟ್ಯೂಬ್ ಆಳಕ್ಕೆ ಹೋಗಿದ್ದರೂ ತೊಂದರೆಯೇ. ಅದು ಸೈಫನ್ನಿನಂತೆ ಟ್ಯಾಂಕಿನ ನೀರನ್ನು ಸದ್ದಿಲ್ಲದೆ ಎಳೆದು ಕಮೋಡಿಗೆ ಬಿಡುತ್ತಿರುತ್ತದೆ. ತುದಿ ಕತ್ತರಿಸಿ ಕೊಳವೆಯ ಬಾಯಿಗಿಂತ ಮೇಲೆ ಕ್ಲಿಪ್ ಹಾಕಿ.

ತುಂಬಿಸುವ ವಾಲ್ವಿನಲ್ಲಿ ಕಸ ಸಿಕ್ಕಿದೆ ಎನಿಸಿದರೆ, ಕಾಕ್ ಮುಚ್ಚಿ ಅದರ ತಲೆಯ ಮುಚ್ಚಳ ಬಿಚ್ಚಿ. ಕಪ್ ಫ್ಲೋಟಿನ ಹಲವು ಮಾದರಿಗಳಲ್ಲಿ ಒಂದೆಂಟನೇ ಸುತ್ತು ತಿರುಗಿಸಿದರೆ ಕೈಗೆ ಬರುತ್ತದೆ. ಬಾಯಿಯ ಮೇಲೆ ಒಂದು ಲೋಟ ಬೋರಲು ಹಿಡಿದು ಹತ್ತು ಸೆಕೆಂಡು ಕಾಕ್ ತೆರೆಯಿರಿ. ಮರಳು, ತುಕ್ಕು ನೀರಿನ ಜೊತೆ ಹೊರಬರುತ್ತದೆ. ಲೋಟ ಮರೆತರೆ ಛಾವಣಿಯವರೆಗೂ ಕಾರಂಜಿ.

ಈ ದಾರಿಯ ಮಿತಿ ಇಷ್ಟೇ: ರಬ್ಬರಿಗೇ ವಯಸ್ಸಾಗಿದ್ದರೆ ಕೆಲವು ವಾರಗಳಲ್ಲಿ ಸೋರಿಕೆ ಮರಳಿ ಬರುತ್ತದೆ. ಪ್ರತಿ ಸಲ ಫ್ಲೋಟನ್ನು ಇನ್ನಷ್ಟು ಕೆಳಗಿಳಿಸಿ ನೀರು ನಿಲ್ಲಿಸುತ್ತಿದ್ದೀರಿ ಎಂದಾದರೆ ನಿಜಕ್ಕೂ ಕೆಟ್ಟಿರುವುದು ವಾಲ್ವ್. ಸಾಲದ್ದಕ್ಕೆ ಟ್ಯಾಂಕಿನಲ್ಲಿ ನೀರು ಕಡಿಮೆಯಾಗಿ ಎರಡೆರಡು ಸಲ ಫ್ಲಶ್ ಮಾಡಬೇಕಾಗುತ್ತದೆ.

ರಬ್ಬರ್ ಮಾತ್ರ ಬದಲಿಸುವುದು

ತಳ ಸೋರುತ್ತಿದ್ದರೆ ಹಣಕ್ಕೆ ಅತಿ ಹೆಚ್ಚು ಫಲ ಕೊಡುವ ರಿಪೇರಿ ಇದು. ರಬ್ಬರನ್ನು ಬೆರಳಿನಿಂದ ಉಜ್ಜಿ ನೋಡಿ. ಬೆರಳಿಗೆ ಮಸಿಯಂತೆ ಕಪ್ಪು ಅಂಟಿದರೆ, ಅಂಚು ಅಲೆಯಲೆಯಾಗಿದ್ದರೆ ಅಥವಾ ಒತ್ತಿದಾಗ ಮೆದುವಾಗದೆ ಗಟ್ಟಿಯಿದ್ದರೆ ಅದರ ಆಯಸ್ಸು ಮುಗಿದಿದೆ.

ಫ್ಲಾಪರ್‌ನಲ್ಲಿ 2 ಇಂಚಿನದು ಮತ್ತು 3 ಇಂಚಿನದು ಹೆಚ್ಚು ಬಳಕೆಯವು. ತಳದ ರಂಧ್ರವನ್ನು ಅಳೆದುಕೊಳ್ಳಿ, ಹಳೆಯದನ್ನೂ ಜೊತೆಗೆ ಒಯ್ಯಿರಿ. ಎರಡು ಗುಂಡಿಗಳ ಟ್ಯಾಂಕಿನಲ್ಲಿ ನಡುವಿನ ಕಂಬವನ್ನು ಕಾಲು ಸುತ್ತು ತಿರುಗಿಸಿದರೆ ಸಾಮಾನ್ಯವಾಗಿ ಕೈಗೆ ಬರುತ್ತದೆ, ವಾಷರ್ ಅದರ ತಳದಲ್ಲಿರುತ್ತದೆ. ಅದರ ಹೊರ ವ್ಯಾಸ, ಒಳ ವ್ಯಾಸ, ದಪ್ಪ ಮೂರನ್ನೂ ಸ್ಕೇಲಿನಲ್ಲಿ ಅಳೆಯಿರಿ. ‘ಹೆಚ್ಚೂ ಕಡಿಮೆ ಇದೇ ಸೈಜು’ ಎಂದು ತಂದ ವಾಷರ್ ಎರಡು ಮಿ.ಮೀ. ಹೆಚ್ಚು ದಪ್ಪವಿದ್ದರೂ ಕಂಬ ಲಾಕ್ ಆಗುವುದಿಲ್ಲ.

ಕಪ್ಪು ರಬ್ಬರೋ ಸಿಲಿಕೋನೋ? ಸಿಲಿಕೋನ್ ಸ್ವಲ್ಪ ದುಬಾರಿ, ಆದರೆ ಕ್ಲೋರಿನ್ ಇರುವ ನೀರನ್ನು ಚೆನ್ನಾಗಿ ತಾಳಿಕೊಳ್ಳುತ್ತದೆ, ಬೇಗ ಗಟ್ಟಿಯಾಗುವುದಿಲ್ಲ. ಬೆಲೆಯ ಅಂತರ ಇಷ್ಟು ಸಣ್ಣ ವಸ್ತುವಿನಲ್ಲಿ ಲೆಕ್ಕಕ್ಕಿಲ್ಲದ್ದರಿಂದ ಸಿಕ್ಕರೆ ಸಿಲಿಕೋನೇ ತನ್ನಿ. ಯಾವುದಕ್ಕೂ ಗ್ರೀಸ್, ಪೆಟ್ರೋಲಿಯಂ ಜೆಲ್ಲಿ ಸವರಬೇಡಿ, ರಬ್ಬರ್ ಊದಿಕೊಳ್ಳುತ್ತದೆ. ಟ್ಯಾಂಕಿನೊಳಗೆ ಹಾಕುವ ಕ್ಲೋರಿನ್ ಗುಳಿಗೆಗಳನ್ನೂ ಬಿಡಿ. ದಿನವಿಡೀ ಆ ನೀರಲ್ಲೇ ನೆನೆಯುವ ರಬ್ಬರ್ ಬೇಗ ಹಾಳಾಗುತ್ತದೆ. ವಾಸನೆಗಾಗಿ ಬೇಕೇ ಬೇಕೆಂದರೆ ಕಮೋಡಿನ ಅಂಚಿಗೆ ತೂಗುಹಾಕುವಂಥದ್ದು ಇದೆ.

ಭಾನುವಾರ ರಾತ್ರಿ ಅಂಗಡಿ ಮುಚ್ಚಿದೆ ಎಂದರೆ, ಎರಡೂ ಬದಿ ಚಪ್ಪಟೆಯಿರುವ ವಾಷರನ್ನು ತೊಳೆದು ತಿರುವಿ ಹಾಕಿ. ಸವೆಯದ ಬದಿ ಕೆಳಗೆ ಬಂದು ಕೆಲವು ದಿನ ತಳ್ಳುತ್ತದೆ. ಇದು ತಾತ್ಕಾಲಿಕ, ಅಷ್ಟೇ.

ಹೊಸ ರಬ್ಬರ್ ಹಾಕಿಯೂ ಪೆನ್ಸಿಲ್ ಗೆರೆ ಇಳಿದರೆ ಕೂರುವ ಉಂಗುರವೇ ಸೀಳಿದೆ ಅಥವಾ ತಳದ ವಾಲ್ವಿನ ಬುಡ ಸಡಿಲಾಗಿದೆ. ಆಗ ಇನ್ನೊಂದು ವಾಷರ್ ತರುವುದು ದಂಡ.

ತುಂಬಿಸುವ ವಾಲ್ವ್ ಬದಲಿಸುವುದು

ಫ್ಲೋಟ್ ಎತ್ತಿದರೂ ನೀರು ನಿಲ್ಲದಿದ್ದರೆ, ತೊಳೆದ ಮೇಲೂ ಹಾಗೇ ಇದ್ದರೆ, ಇದನ್ನೇ ಬದಲಿಸಿ. ಕೆಲವು ಮಾದರಿಗಳಿಗೆ ಒಳಗಿನ ಸಣ್ಣ ರಬ್ಬರ್ ಪೊರೆ (ಡಯಾಫ್ರಂ) ಪ್ರತ್ಯೇಕವಾಗಿ ಸಿಗುತ್ತದೆ. ಸಿಕ್ಕರೆ ಅದೇ ಅಗ್ಗದ ದಾರಿ, ಆದರೆ ಅದಕ್ಕಾಗಿ ನಾಲ್ಕು ಅಂಗಡಿ ಅಲೆಯುವಷ್ಟು ಅಲ್ಲ.

ಕೊಳ್ಳುವಾಗ ಮೊದಲು ನೋಡಬೇಕಾದದ್ದು ನೀರು ಟ್ಯಾಂಕಿನ ಪಕ್ಕದಿಂದ ಒಳಬರುತ್ತದೋ ತಳದಿಂದಲೋ ಎಂಬುದು. ಎರಡರ ವಾಲ್ವ್ ಬೇರೆ. ಪೈಪ್ ಸೇರುವ ಕಡೆಯ ತಿರುಪಿನ ಎಳೆ (ಥ್ರೆಡ್) ಸಾಮಾನ್ಯವಾಗಿ ಅರ್ಧ ಇಂಚಿನದು. ಎರಡನೆಯದು ಒತ್ತಡ. ಮೇಲಿನ ಟ್ಯಾಂಕಿನಿಂದ ನೀರು ಬರುವ ಮನೆಯಲ್ಲಿ ಪ್ರತಿ ಮೀಟರ್ ಎತ್ತರಕ್ಕೆ ಸುಮಾರು 0.1 ಬಾರ್ ಒತ್ತಡವಷ್ಟೇ. ಅಂದರೆ ನೀರಿನ ಟ್ಯಾಂಕಿಗೆ ತೀರಾ ಹತ್ತಿರವಿರುವ ಮೇಲಿನ ಮಹಡಿಯ ಕಮೋಡಿಗೆ 0.2, 0.3 ಬಾರ್ ಸಿಕ್ಕರೆ ಹೆಚ್ಚು. ಹೆಚ್ಚಿನ ಒತ್ತಡಕ್ಕೆಂದೇ ಮಾಡಿದ ವಾಲ್ವ್ ಅಲ್ಲಿ ಟ್ಯಾಂಕ್ ತುಂಬಿಸಲು ಬಹಳ ಹೊತ್ತು ತೆಗೆದುಕೊಳ್ಳುತ್ತದೆ. ಕಡಿಮೆ ಒತ್ತಡದ ದೊಡ್ಡ ರಂಧ್ರದ ವಾಲ್ವನ್ನು ಪ್ರೆಶರ್ ಪಂಪ್ ಇರುವ ಲೈನಿಗೆ ಹಾಕಿದರೆ ಉಲ್ಟಾ ತೊಂದರೆ, ಅದು ಸರಿಯಾಗಿ ಮುಚ್ಚಿಕೊಳ್ಳುವುದೇ ಇಲ್ಲ. ಡಬ್ಬಿಯ ಮೇಲೆ ಕನಿಷ್ಠ, ಗರಿಷ್ಠ ಒತ್ತಡ ಬರೆದಿರುವುದನ್ನು ಓದಿ ಕೊಳ್ಳಿ.

ಉದ್ದ ಕಡ್ಡಿಯ ಚೆಂಡೋ, ಕಂಬದ ಮೇಲೇ ಏರಿಳಿಯುವ ಕಪ್ಪೋ? ಕಪ್ ಮಾದರಿ ಕಡಿಮೆ ಜಾಗದಲ್ಲಿ ಕೂರುತ್ತದೆ, ಸದ್ದು ಕಡಿಮೆ, ತುಂಬಿದೊಡನೆ ತಟ್ಟನೆ ಮುಚ್ಚಿಕೊಳ್ಳುತ್ತದೆ. ಆದರೆ ಅದರ ದಾರಿಗಳು ಸಣ್ಣವು, ಮರಳು ಬರುವ ಬೋರ್‌ವೆಲ್ ನೀರಿಗೆ ಬೇಗ ಕಟ್ಟಿಕೊಳ್ಳುತ್ತದೆ. ಕಡ್ಡಿಯ ಮಾದರಿ ಹಳೆಯ ಕಾಲದ್ದು, ಜಾಗ ತಿನ್ನುತ್ತದೆ, ಕೊನೆಯಲ್ಲಿ ತೊಟ್ಟಿಕ್ಕುತ್ತಾ ನಿಧಾನಕ್ಕೆ ನಿಲ್ಲುತ್ತದೆ. ಕಸಕ್ಕೆ ಮಾತ್ರ ಅಷ್ಟು ಬೇಗ ಸೋಲುವುದಿಲ್ಲ, ವಾಷರ್ ಬಿಚ್ಚಿ ಹಾಕುವುದೂ ಸುಲಭ. ನೀರು ಸ್ವಚ್ಛವಿದ್ದರೆ ಕಪ್ ಮಾದರಿ ಒಳ್ಳೆಯದು. ನೀರಿನಲ್ಲಿ ಮರಳಿದ್ದು, ಟ್ಯಾಂಕಿನಲ್ಲಿ ಜಾಗವೂ ಇದ್ದರೆ ಕಡ್ಡಿಯದನ್ನು ಹಳೆಯದೆಂದು ತಳ್ಳಿಹಾಕಬೇಡಿ.

ಕೂರಿಸುವಾಗ ಆಗುವ ತಪ್ಪುಗಳು ಹೆಚ್ಚಾಗಿ ಬಿಗಿಯುವಲ್ಲಿ. ಪ್ಲಾಸ್ಟಿಕ್ ನಟ್ಟನ್ನು ಕೈಯಲ್ಲಿ ಪೂರ್ತಿ ತಿರುಗಿಸಿ, ಆಮೇಲೆ ಸ್ಪ್ಯಾನರಿನಲ್ಲಿ ಕಾಲು ಸುತ್ತು ಸಾಕು. ಕನೆಕ್ಷನ್ ಪೈಪಿನ ತುದಿಯಲ್ಲಿ ರಬ್ಬರ್ ವಾಷರ್ ಇದ್ದರೆ ಅಲ್ಲಿ ಟೆಫ್ಲಾನ್ ಟೇಪ್ ಬೇಡ, ನೀರು ತಡೆಯುವುದು ಆ ವಾಷರೇ. ತಳದಿಂದ ಬರುವ ವಾಲ್ವಿನ ಎತ್ತರವನ್ನು, ಮೈಮೇಲಿರುವ ಗುರುತು ಓವರ್‌ಫ್ಲೋ ಬಾಯಿಗಿಂತ 2.5 ಸೆಂ.ಮೀ. ಮೇಲಿರುವಂತೆ ಹೊಂದಿಸಿ. ಲೈನಿನಲ್ಲಿ ನೀರು ಹಿಂದಕ್ಕೆ ಎಳೆದಾಗ ಟ್ಯಾಂಕಿನ ನೀರು ಕುಡಿಯುವ ನೀರಿನ ಪೈಪಿಗೆ ಸೇರದಿರಲಿ ಎಂಬುದಕ್ಕೇ ಆ ಅಂತರ.

ಇಡೀ ಸೆಟ್ ಹಾಕುವುದು ಯಾವಾಗ ಸರಿ

ಟ್ಯಾಂಕ್ ಬೇರೆ, ಕಮೋಡ್ ಬೇರೆ ಇರುವ ಮಾದರಿಯಲ್ಲಿ ತಳದ ವಾಲ್ವ್ ಪೂರ್ತಿ ಬದಲಿಸಬೇಕೆಂದರೆ ಟ್ಯಾಂಕ್ ಇಳಿಸಲೇಬೇಕು. ಎರಡೋ ಮೂರೋ ಬೋಲ್ಟ್ ಬಿಚ್ಚಬೇಕು, ನಡುವಿನ ದಪ್ಪ ಸ್ಪಂಜ್ ವಾಷರ್ ತೆಗೆಯಬೇಕು. ಇಲ್ಲಿ ಕೆಲಸದ ಕೂಲಿಯೇ ಸಾಮಾನಿಗಿಂತ ಭಾರ. ಆದ್ದರಿಂದ ಟ್ಯಾಂಕ್ ಒಮ್ಮೆ ಇಳಿಸಿದ ಮೇಲೆ ತುಂಬಿಸುವ ವಾಲ್ವ್, ಬೋಲ್ಟ್, ಅವುಗಳ ವಾಷರ್, ಸ್ಪಂಜ್ ವಾಷರ್ ಎಲ್ಲವನ್ನೂ ಅದೇ ಸಲ ಬದಲಿಸುವುದು ಜಾಣತನ. ಟ್ಯಾಂಕ್ ಇಳಿಸದೆ ಮುಗಿಯುವ ರಿಪೇರಿಗೆ ಇಡೀ ಸೆಟ್ ಕೊಳ್ಳುವುದು ಮಾತ್ರ ವ್ಯರ್ಥ. ಮರಳಿ ಕೂರಿಸುವಾಗ ಬೋಲ್ಟ್‌ಗಳನ್ನು ಒಂದಾದ ಮೇಲೊಂದು ಚೂರುಚೂರೇ ಬಿಗಿಯಿರಿ. ಒಂದನ್ನೇ ಪೂರ್ತಿ ಬಿಗಿದರೆ ಪಿಂಗಾಣಿ ಟಪ್ಪೆಂದು ಸೀಳುತ್ತದೆ, ಆಮೇಲೆ ಖರ್ಚಿನ ಮಾತೇ ಬೇರೆ.

ಹೇಗೂ ಬದಲಿಸುತ್ತಿದ್ದೇವೆ, ಎರಡು ಗುಂಡಿಯದನ್ನೇ ಹಾಕೋಣ ಎಂಬ ಆಸೆ ಸಹಜ. 3 ಲೀಟರ್, 6 ಲೀಟರಿನ ಫ್ಲಶ್‌ನಿಂದ ನೀರು ಉಳಿಯುವುದು ನಿಜ. ಆದರೆ ಹಳೆಯ ಕಮೋಡ್ ಹೆಚ್ಚು ನೀರಿಗೆಂದೇ ಮಾಡಿದ್ದಾಗಿದ್ದರೆ ಕಡಿಮೆ ನೀರಿಗೆ ಸ್ವಚ್ಛವಾಗುವುದಿಲ್ಲ. ಎರಡು ಸಲ ಒತ್ತಿದರೆ ಉಳಿತಾಯ ಎಲ್ಲಿ?

ತಳದ ರಬ್ಬರ್ ವಾಲ್ವಿನ ಬದಲು ಸೈಫನ್, ಅಂದರೆ ನೀರನ್ನು ಎಳೆದು ಬಿಡುವ ಬಗ್ಗಿದ ಕೊಳವೆ, ಇರುವ ಹಳೆಯ ಟ್ಯಾಂಕನ್ನು ಕಿತ್ತು ಹೊಸ ಸೆಟ್ ಹಾಕುವ ಮೊದಲು ಎರಡು ಸಲ ಯೋಚಿಸಿ. ಸೈಫನ್ನಿನ ನೀರು ನೀರಿನ ಮಟ್ಟಕ್ಕಿಂತ ಮೇಲೆ ಹತ್ತಿ ಇಳಿಯಬೇಕು, ಹಾಗಾಗಿ ಸುಮ್ಮನಿರುವಾಗ ಅದು ರಬ್ಬರಿನಂತೆ ಸೋರುವುದಿಲ್ಲ. ಅಂಥ ಟ್ಯಾಂಕ್ ಹರಿಯುತ್ತಿದ್ದರೆ ಮೊದಲು ಅನುಮಾನ ಪಡಬೇಕಾದದ್ದು ತುಂಬಿಸುವ ವಾಲ್ವಿನ ಮೇಲೆ. ಫ್ಲಶ್ ಮಾಡಿದ ಮೇಲೆ ಸೈಫನ್ ನಿಲ್ಲದೆ ಎಳೆಯುತ್ತಲೇ ಇದ್ದರೆ, ಒಳಬರುವ ನೀರು ಅತಿ ವೇಗದ್ದು. ಆ್ಯಂಗಲ್ ಕಾಕನ್ನು ಅರ್ಧ ಮುಚ್ಚಿದರೆ ಗಾಳಿ ಒಳಹೊಕ್ಕು ನಿಲ್ಲುತ್ತದೆ.

ಟ್ಯಾಂಕನ್ನೇ ಬದಲಿಸುವುದು

ಬಿರುಕು ಬಿಟ್ಟಿದ್ದರೆ, ಪ್ಲಾಸ್ಟಿಕ್ ಟ್ಯಾಂಕ್ ಹೊಟ್ಟೆ ಉಬ್ಬಿ ಮುಚ್ಚಳ ಕೂರದಿದ್ದರೆ, ಬಿಡಿಭಾಗ ಎಲ್ಲೂ ಸಿಗದಿದ್ದರೆ ಮಾತ್ರ ಇದು. ಗೋಡೆಗೆ ತೂಗುಹಾಕಿದ ಪ್ಲಾಸ್ಟಿಕ್ ಟ್ಯಾಂಕ್ ಹಳೆಯದಾಗಿದ್ದು ಎರಡೂ ವಾಲ್ವ್ ಕೆಟ್ಟಿದ್ದರೆ ಹೊಸ ಟ್ಯಾಂಕಿನ ಬೆಲೆಯನ್ನೂ ಕೇಳಿ ನೋಡಿ, ಕೆಲವೊಮ್ಮೆ ಸೆಟ್ಟಿಗೂ ಅದಕ್ಕೂ ಹೆಚ್ಚು ಅಂತರವಿರುವುದಿಲ್ಲ. ಫ್ಲಶ್ ಪೈಪಿನ ವ್ಯಾಸ, ಗೋಡೆಯ ಬೋಲ್ಟ್‌ಗಳ ನಡುವಿನ ಅಂತರ, ನೀರಿನ ಕನೆಕ್ಷನ್ ಯಾವ ಕಡೆ ಎಂಬುದನ್ನು ಅಳೆದು ಬರೆದುಕೊಂಡು ಹೋಗಿ. ಒಂದೇ ತುಂಡಿನ ಕಮೋಡಿಗೆ ಈ ದಾರಿಯೇ ಇಲ್ಲ.

ಗೋಡೆಯೊಳಗೆ ಅಡಗಿಸಿದ ಟ್ಯಾಂಕಿನದು ಬೇರೆಯದೇ ಲೆಕ್ಕ. ಮುಂಭಾಗದ ಫ್ಲಶ್ ಪ್ಲೇಟ್ ತೆಗೆದರೆ ಸಿಗುವ ಕಿಂಡಿಯಿಂದಲೇ ಎಲ್ಲ ಕೆಲಸ. ನೀರು ನಿಲ್ಲಿಸುವ ಸಣ್ಣ ಕಾಕ್ ಕೂಡ ಹೆಚ್ಚಾಗಿ ಅದರೊಳಗೇ ಇರುತ್ತದೆ. ಅಲ್ಲಿ ‘ಎಲ್ಲದಕ್ಕೂ ಆಗುತ್ತದೆ’ ಎನ್ನುವ ಸಾಮಾನು ಕೂರುವುದಿಲ್ಲ, ಅದೇ ಕಂಪನಿಯ ಅದೇ ಮಾದರಿಯದೇ ಬೇಕು. ಹಾಗಾಗಿ ದುಬಾರಿಯಾದರೂ ಮೂಲ ವಾಷರನ್ನೇ ತಂದು, ಎರಡು ತಂದು, ಒಂದನ್ನು ಮನೆಯಲ್ಲಿಟ್ಟುಕೊಳ್ಳುವುದು ಒಳ್ಳೆಯದು. ಗೋಡೆ ಒಡೆಯುವುದಕ್ಕಿಂತ ಇದು ಯಾವತ್ತೂ ಅಗ್ಗ.

ನಿಮ್ಮ ಪರಿಸ್ಥಿತಿಗೆ ಯಾವುದು

ಬಾಡಿಗೆ ಮನೆ, ಕೆಲವೇ ತಿಂಗಳ ಮಾತು ಎಂದರೆ ತೊಳೆದು ಮಟ್ಟ ಸರಿಮಾಡಿ, ತಳ ಸೋರಿದರೆ ವಾಷರ್ ಹಾಕಿ. ಅದಕ್ಕಿಂತ ದೊಡ್ಡದನ್ನು ಮನೆ ಮಾಲೀಕರಿಗೆ ಹೇಳಿ ಮಾಡಿಸಿ. ಸ್ವಂತ ಮನೆಯಾಗಿದ್ದು, ಸೆಟ್ಟಿಗೆ ಎರಡು ಮೂರು ವರ್ಷವಷ್ಟೇ ಆಗಿದ್ದರೆ ಕೆಟ್ಟ ಭಾಗವನ್ನು ಮಾತ್ರ ಬದಲಿಸಿ. ಹತ್ತು ವರ್ಷ ಹಳೆಯ ಸೆಟ್ಟಿನಲ್ಲಿ ತುಂಬಿಸುವ ವಾಲ್ವ್ ಹೋಗಿದ್ದರೆ ತಳದ ರಬ್ಬರನ್ನೂ ಅದೇ ದಿನ ಬದಲಿಸಿ, ಹೇಗೂ ನೀರು ಖಾಲಿ ಮಾಡಿರುತ್ತೀರಿ. ಗಡಸು ನೀರಿನವರಿಗೆ ಯಾವ ದುಬಾರಿ ಸೆಟ್ಟೂ ಶಾಶ್ವತವಲ್ಲ, ಬಿಡಿ ವಾಷರ್ ಸುಲಭವಾಗಿ ಸಿಗುವ ಮಾದರಿಯನ್ನೇ ಆರಿಸಿ. ವಯಸ್ಸಾದವರು, ಬಗ್ಗಿ ಕೆಲಸ ಮಾಡಲಾಗದವರು ವಾಷರ್ ಬದಲಿಸುವುದನ್ನು ನಿಂತೇ ಮಾಡಬಹುದು. ಟ್ಯಾಂಕ್ ಇಳಿಸುವ ಕೆಲಸ ಮಾತ್ರ ಪ್ಲಂಬರಿಗೆ ಬಿಡಿ.

ಪ್ಲಂಬರನ್ನು ಕರೆಸುವುದೇ ಆದರೆ ಫೋನಿನಲ್ಲಿ ‘ಟಾಯ್ಲೆಟ್ ಲೀಕ್’ ಎನ್ನಬೇಡಿ. ಮುಚ್ಚಳ ತೆಗೆದು ಟ್ಯಾಂಕಿನೊಳಗಿನ ಫೋಟೊ ಮೇಲಿನಿಂದೊಂದು, ನೀರಿನ ಕನೆಕ್ಷನ್ ಕಡೆಯಿಂದೊಂದು ಕಳಿಸಿ; ಕಾಕ್ ಮುಚ್ಚಿದಾಗ ಪೆನ್ಸಿಲ್ ಗೆರೆ ಇಳಿಯಿತೋ ಇಲ್ಲವೋ ಹೇಳಿ. ಸರಿಯಾದ ಸಾಮಾನು ಹಿಡಿದು ಒಂದೇ ಸಲಕ್ಕೆ ಬರುತ್ತಾರೆ. ಕೆಲಸ ಮುಗಿದ ಮೇಲೆ ಹಳೆಯ ಭಾಗವನ್ನು ಎಸೆಯಲು ಬಿಡದೆ ಒಂದು ರಾತ್ರಿ ಇಟ್ಟುಕೊಳ್ಳಿ. ಮಲಗುವ ಮುನ್ನ ಕಾಕ್ ಮುಚ್ಚಿ ಹೊಸ ಗೆರೆ ಎಳೆಯಿರಿ, ಬೆಳಿಗ್ಗೆ ಫ್ಲಶ್ ಮಾಡುವ ಮೊದಲು ನೋಡಿ.